ಮುಹೂರ್ತದ ಸೀರೆ, ನನ್ನ ವಂದನಾರ್ಪಣೆ

ನಮ್ಮ ಚಳ್ಳಕೆರೆಯ ಸ್ನೇಹಸಿಂಧು ಕ್ಲಬ್ಬಿಗೆ ಈ ವರ್ಷ ಇಪ್ಪತ್ತೈದು ತುಂಬುತ್ತದೆ. ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಿ ಎಂದು ಅಧ್ಯಕ್ಷ ಕಲ್ಲೇಶಪ್ಪನವರು ಫೋನ್ ಮಾಡಿದ್ದರು. ವಿಷಯವನ್ನೂ ಅವರೇ ಆರಿಸಿಟ್ಟಿದ್ದರು: ನಮ್ಮ ವೇದಿಕೆಯ ಮರೆಯಲಾಗದ ಅತಿಥಿಗಳು. ಹದಿನಾರು ವರ್ಷದಿಂದ ಕಾರ್ಯದರ್ಶಿ ನಾನು. ಬಂದವರಿಗೆಲ್ಲ ಹಾರ ತರಿಸಿದವಳು, ಹಣ್ಣಿನ ಬುಟ್ಟಿ ಕಟ್ಟಿಸಿದವಳು, ಕೊನೆಗೆ ಮೈಕಿನ ಮುಂದೆ ನಿಂತು ವಂದನಾರ್ಪಣೆ ಮಾಡಿದವಳು ಈ ಮಂಗಳಗೌರಿಯೇ. ಹಾಗಾಗಿ ನಾನೇ ಬರೆಯಬೇಕಂತೆ. ಎರಡು ಪುಟ, ಒಂದು ಫೋಟೋ. ಬರೆಯುತ್ತೇನೆ. ಅಚ್ಚು ಹಾಕುವುದು ಬಿಡುವುದು ಅವರಿಗೆ ಸೇರಿದ್ದು.

ನಿಜ ಹೇಳಬೇಕೆಂದರೆ, ಮುಖ್ಯ ಅತಿಥಿ ಎಂಬ ಮಾತು ಕಿವಿಗೆ ಬಿದ್ದರೆ ನನಗೀಗ ವಾಕರಿಕೆ ಬರುತ್ತದೆ. ಸಕ್ಕರೆ ಕಾಯಿಲೆಯ ಬಗ್ಗೆ ಒಂದು ಗಂಟೆ ಮಾತಾಡಿದ ಡಾಕ್ಟರೊಬ್ಬರು ಹೋಗುವಾಗ ಆರು ಮೈಸೂರುಪಾಕನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು. ಗಿಡ ನೆಡುವುದರ ಬಗ್ಗೆ ಹೇಳಲು ಬಂದ ನಿವೃತ್ತ ಅಧಿಕಾರಿ ತಮ್ಮ ಕಾರು ನೆರಳಿಗೆ ನಿಲ್ಲಬೇಕೆಂದು ಹೊಂಗೆ ಮರದ ಕೆಳಗೆ ಹೂವು ಮಾರುತ್ತಿದ್ದ ಬೋರಕ್ಕನನ್ನು ಎಬ್ಬಿಸಿದರು. ಒಳಗೆ ಅವರು ಮರ ಯಾರಿಗೂ ಭೇದ ಮಾಡುವುದಿಲ್ಲ ಎನ್ನುತ್ತಿದ್ದರೆ, ಹೊರಗೆ ಬೋರಕ್ಕ ಬಿಸಿಲಿನಲ್ಲಿ ಮಲ್ಲಿಗೆಗೆ ನೀರು ಚಿಮುಕಿಸುತ್ತಿದ್ದಳು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಪ್ರತಿ ಸಲ ಮನೆಗೆ ಬಂದು ಯಜಮಾನರ ಮುಂದೆ ಇವರನ್ನೆಲ್ಲ ಅಣಕಿಸಿ ತೋರಿಸುತ್ತಿದ್ದೆ. ಅವರು ಎಣ್ಣೆ ಮಿಲ್ಲಿನ ಕೆಲಸ ಮುಗಿಸಿ ಬಂದು ಊಟಕ್ಕೆ ಕೂತವರು ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಳ್ಳುತ್ತಿದ್ದರು. ನಾನು ಆ ಜನರ ಪೈಕಿ ಅಲ್ಲ ಎಂಬ ಜಂಬ ನನಗೆ ಚೆನ್ನಾಗಿಯೇ ಇತ್ತು.

ಹೋದ ವರ್ಷ ಆಗಸ್ಟಿನಲ್ಲಿ ಕೈಮಗ್ಗ ದಿನ ಮಾಡೋಣ ಎಂದವರು ಕಲ್ಲೇಶಪ್ಪನವರು. ಬೆಂಗಳೂರಿನಿಂದ ಒಬ್ಬ ಭಾಷಣಕಾರನನ್ನು ಕರೆಸುವುದೆಂದೂ, ಮೊಳಕಾಲ್ಮೂರಿನ ಒಬ್ಬ ನೇಕಾರರಿಗೆ ಸನ್ಮಾನ ಮಾಡುವುದೆಂದೂ ತೀರ್ಮಾನವಾಯಿತು. ಆ ಭಾಷಣಕಾರನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೈದು ಬರೆದರೂ ಕತ್ತರಿಸಿ ಗಾಜಿನ ಕಟ್ಟು ಹಾಕಿಸಿಕೊಳ್ಳುವ ಗಿರಾಕಿ ಆತ. ಅವನ ವಿಡಿಯೋಗಳನ್ನು ಕಲ್ಲೇಶಪ್ಪನವರು ಬೆಳಿಗ್ಗೆ ಎದ್ದ ಕೂಡಲೇ ನಮಗೆಲ್ಲ ಕಳಿಸುತ್ತಿದ್ದರು. ನೇಕಾರರ ಹೆಸರು ಸೂಚಿಸಿದವಳು ನಾನು. ನನ್ನ ಮಗಳ ಮದುವೆಗೆ ಸೀರೆ ನೇಯ್ದು ಕೊಟ್ಟಿದ್ದ ಸೂರಪ್ಪನವರದ್ದು. ವೇದಿಕೆಯ ಮೇಲೆ ಅವರೇ ನೇಯ್ದ ಒಂದು ಸೀರೆಯನ್ನು ಸ್ಟ್ಯಾಂಡಿಗೆ ಹಾಕಿ ಇಡಬೇಕು, ಅಂಗಡಿಯದ್ದು ಬೇಡ ಎಂದು ಕಲ್ಲೇಶಪ್ಪನವರು ಪಟ್ಟು ಹಿಡಿದರು. ತರುವ ಕೆಲಸ ನನಗೆ ಬಿತ್ತು.

ಸೂರಪ್ಪನವರ ಮನೆಯಲ್ಲಿ ಸೀರೆ ಇರಲಿಲ್ಲ. ಕೇಳಿ ನಗಬೇಡಿ. ಹಗಲೆಲ್ಲ ರೇಷ್ಮೆ ನೇಯುವ ಮನೆಯಲ್ಲಿ ರೇಷ್ಮೆ ಸೀರೆ ಇರುವುದಿಲ್ಲ. ಮಗ್ಗದಿಂದ ಇಳಿದದ್ದು ಹಾಗೇ ನೂಲು ಕೊಟ್ಟ ಸಾವ್ಕಾರರ ಅಂಗಡಿಗೆ ಹೋಗುತ್ತದೆ. ಇದ್ದದ್ದು ಒಂದೇ, ಗಿಣಿ ಹಸಿರಿಗೆ ಕೆಂಪು ಅಂಚು, ಸೆರಗಿನ ತುಂಬ ನವಿಲು. ಇನ್ನು ಹನ್ನೊಂದು ದಿನಕ್ಕೆ ಅವರ ಮಗಳು ದಿವ್ಯಶ್ರೀಯ ಮದುವೆ. ಸಾವ್ಕಾರರ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಅಪ್ಪ ನಾಲ್ಕು ತಿಂಗಳು ಕೂತು ನೇಯ್ದಿದ್ದರು, ಅವ್ವ ನೂಲು ಸುತ್ತಿ ಕೊಟ್ಟಿದ್ದರು. ಮಡಿಕೆ ಬಿಚ್ಚದೆ ಮನೆದೇವರು ಚೌಡಮ್ಮನ ಫೋಟೋದ ಮುಂದೆ ಇಟ್ಟಿದ್ದರು. ಅದನ್ನೇ ಕೊಡಿ, ಒಂದು ಹೊತ್ತಿಗೆ, ಎಂದು ಕೇಳಿದೆ.

ಸೂರಪ್ಪನವರು ಹೆಂಡತಿಯ ಮುಖ ನೋಡಿದರು. ಓಬಳಮ್ಮ ಗಂಡನಿಗೆ ಮೆಲ್ಲಗೆ, "ಪೆಳ್ಳಿ ಚೀರ ಕದಾ ಅದಿ" ಎಂದರು. ತೆಲುಗು ನನಗೂ ತಿಳಿಯುತ್ತದೆ. ಮದುವೆ ಸೀರೆ ಅಲ್ಲವೇ ಅದು ಎಂದು ಅವರು ಹೇಳಿದ್ದು ನನಗೆ ಕೇಳಲಿ ಎಂದೇ. ನಾನು ಕೇಳಿಸದವಳಂತೆ ನೀರಿನ ಲೋಟ ಎತ್ತಿಕೊಂಡೆ. ಆಗ ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದರು.

"ಮುಹೂರ್ತದ ಸೀರೆ ಅಮ್ಮಾ ಇದು. ಮೊದ್ಲು ನನ್ ಮಗಳ ಹೆಗಲಿಗೇ ಬೀಳಬೇಕು. ಅಲ್ಲಿ ಯಾರಾನ ಮೈಮ್ಯಾಲೆ ಹಾಕ್ಕಂಡ್ರೆ?"

"ಯಾರೂ ಮುಟ್ಟಂಗಿಲ್ಲ ಓಬಳಮ್ಮ. ಸ್ಟ್ಯಾಂಡಿನ ಮ್ಯಾಲೆ ಇರ್ತೈತೆ. ಅವತ್ತೇ ಸಂಜೀಕೆ ನನ್ನ ಕೈಯಾರೆ ನಿಮ್ಮ ಕೈಗೆ ಕೊಡ್ತೀನಿ. ನನ್ನ ಮಾತು."

ನಾನೋ, ಮಗಳ ಮದುವೆಗೆ ಅವರಿಂದ ಸೀರೆ ಕೊಂಡವಳು, ಕಾರಿನಲ್ಲಿ ಬಂದವಳು, ಮಾತು ಕೊಟ್ಟವಳು. ಅವರು ಇನ್ನೇನು ತಾನೇ ಹೇಳಿಯಾರು? ಒಂದು ಬಿಳಿ ಪಂಚೆಯಲ್ಲಿ ಸುತ್ತಿ, ಮೇಲೆ ಒಂದು ಚಿಟಿಕೆ ಕುಂಕುಮ ಇಟ್ಟು ಕೊಟ್ಟರು. ದಿವ್ಯಶ್ರೀ ಕಾರಿನವರೆಗೂ ಬಂದು ಬಾಗಿಲು ಹಾಕಿದಳು.

ಕಾರ್ಯಕ್ರಮ ಮೂರು ಗಂಟೆಗೆ ಎಂದು ಆಹ್ವಾನ ಪತ್ರಿಕೆಯಲ್ಲಿತ್ತು. ಸೂರಪ್ಪ ದಂಪತಿಗಳು ಬೆಳಗಿನ ಬಸ್ಸಿಗೇ ಬಂದು ಎರಡಕ್ಕೆಲ್ಲ ಮೊದಲ ಸಾಲಿನಲ್ಲಿ ಕೂತಿದ್ದರು. ಭಾಷಣಕಾರ ಬಂದದ್ದು ನಾಲ್ಕೂವರೆಗೆ. ಜೊತೆಗೆ ವಿಡಿಯೋ ಹಿಡಿಯುವ ಮೂವರು ಬಂದದ್ದರಿಂದ ಮೊದಲ ಸಾಲು ಬೇಕಾಯಿತು. ಸನ್ಮಾನಿತರನ್ನು ಎಬ್ಬಿಸಿ ನಾಲ್ಕನೇ ಸಾಲಿಗೆ ಕಳಿಸಿದರು. ಬೋರಕ್ಕನ ನೆನಪಾಯಿತು ನನಗೆ. ನೆನಪಾಯಿತು ಅಷ್ಟೇ.

ಸೂರಪ್ಪನವರ ಸನ್ಮಾನ ಒಂದೂವರೆ ನಿಮಿಷದಲ್ಲಿ ಮುಗಿಯಿತು. ಕರೆದರು, ಕುರ್ಚಿಯಲ್ಲಿ ಕೂರಿಸಿದರು, ಪೇಟ ಇಟ್ಟರು, ಶಾಲು ಹೊದಿಸಿದರು, ಎಲ್ಲರೂ ಕ್ಯಾಮೆರಾ ನೋಡಿದರು. ಎರಡು ಮಾತಾಡುತ್ತೀರಾ ಎಂದು ಯಾರೂ ಕೇಳಲಿಲ್ಲ. ಕೂತಲ್ಲೇ ಅವರು ಶಾಲಿನ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಮ್ಮೆ ಉಜ್ಜಿ ನೋಡಿದ್ದು ಕಂಡೆ. ಅದು ಮಿಲ್ಲಿನ ಪಾಲಿಯೆಸ್ಟರ್. ಡಜನ್ ಲೆಕ್ಕದಲ್ಲಿ ತರಿಸಿ ಬೀರುವಿನಲ್ಲಿ ಇಟ್ಟಿರುತ್ತೇವೆ, ಸಾಹಿತಿಗೂ ಅದೇ, ಪೈಲ್ವಾನನಿಗೂ ಅದೇ. ಕೈಮಗ್ಗ ದಿನದಂದು ನೇಕಾರನಿಗೆ ಮಿಲ್ಲಿನ ಬಟ್ಟೆ ಹೊದಿಸಿದ ಮಹಾಶಯರು ನಾವು. ಸೂರಪ್ಪನವರು ನಾಲ್ಕನೇ ಸಾಲಿಗೆ ಮರಳಿ ಅದನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡರು. ಶಾಲು ತರಿಸಿದವಳೂ ನಾನೇ.

ಆಮೇಲೆ ಭಾಷಣ. ಒಂದು ಗಂಟೆ ಇಪ್ಪತ್ತು ನಿಮಿಷ. ಹದ್ದು ತನ್ನ ಕೊಕ್ಕನ್ನು ತಾನೇ ಮುರಿದುಕೊಳ್ಳುತ್ತದೆ ಎಂದ, ಸರಪಳಿ ಕಟ್ಟಿದ ಆನೆಯ ಕಥೆ ಹೇಳಿದ, ನಿಮ್ಮ ಪಕ್ಕದವರ ಕೈ ಹಿಡಿದು ನಾನು ಗೆಲ್ಲುತ್ತೇನೆ ಎನ್ನಿ ಎಂದ. ಚಳ್ಳಕೆರೆಯ ಶೇಂಗಾ ವ್ಯಾಪಾರಿಗಳೆಲ್ಲ ಒಬ್ಬರ ಕೈ ಒಬ್ಬರು ಹಿಡಿದು ಗೆಲ್ಲುತ್ತೇವೆ ಎಂದರು. ಯಾರ ಮೇಲೆ ಗೆಲ್ಲುವುದೋ ದೇವರೇ ಬಲ್ಲ. ಕೈಮಗ್ಗ ನೆನಪಾದದ್ದು ಕೊನೆಯ ಐದು ನಿಮಿಷದಲ್ಲಿ. ಎದ್ದು ಹೋಗಿ ಸ್ಟ್ಯಾಂಡಿನ ಮೇಲಿದ್ದ ಸೀರೆಯ ಮೇಲೆ ಅಂಗೈ ಇಟ್ಟ. ಬೆರಳಿಗೆ ಎರಡೆರಡು ಉಂಗುರ. ಒಂದೊಂದು ಎಳೆಯಲ್ಲೂ ನೇಕಾರನ ಬೆವರಿದೆ ಎಂದ, ಗಂಟಲು ಕಟ್ಟಿದವನಂತೆ ನಿಲ್ಲಿಸಿದ, ವಿಡಿಯೋದವರು ಹತ್ತಿರ ಬಂದ ಮೇಲೆ ಮುಂದುವರಿಸಿದ. ಹಾರ, ಬುಟ್ಟಿ ತನಗೆ ಬೇಡವಂತೆ. ಈ ಬೆವರಿನ ಪ್ರಸಾದ ತನ್ನ ದೇವರ ಕೋಣೆಗೆ ಬಂದರೆ ಜನ್ಮ ಸಾರ್ಥಕವಂತೆ. ಬೇಡುವುದನ್ನೂ ಆಶೀರ್ವಾದದ ಹಾಗೆ ಬೇಡುವ ಕಲೆ ನೋಡಿ.

ಚಪ್ಪಾಳೆ ಬಿತ್ತು. ಚಪ್ಪಾಳೆ ಕೇಳಿದರೆ ಕಲ್ಲೇಶಪ್ಪನವರಿಗೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ. ಎದ್ದವರೇ ಸೀರೆಯನ್ನು ಸ್ಟ್ಯಾಂಡಿನಿಂದ ಎಳೆದರು, ಮಡಿಕೆ ಬಿಚ್ಚಿದರು, ಹೊದಿಸಿಯೇ ಬಿಟ್ಟರು. ಅದರ ಮೇಲೆ ಸುಗಂಧರಾಜದ ಒದ್ದೆ ಹಾರ. ದಿವ್ಯಶ್ರೀಯ ಹೆಗಲಿಗೆ ಬೀಳಬೇಕಾದದ್ದು ಆ ದಪ್ಪ ಹೆಗಲಿನ ಮೇಲೆ ಬಿತ್ತು, ನಾನು ಎರಡು ಕುರ್ಚಿ ಆಚೆ ಕೂತಿದ್ದೆ.

ಸೀರೆ ಹೊದ್ದುಕೊಂಡೇ ಆತ ಮೈಕಿನಲ್ಲಿ ನೇಕಾರ ಬಂಧು ಎಲ್ಲಿ, ಎದ್ದು ನಿಲ್ಲಲಿ ಎಂದ. ಸೂರಪ್ಪನವರು ಎದ್ದರು. ಸಂತೋಷದಿಂದ ಕೊಟ್ಟಿದ್ದೀರಿ ಅಲ್ಲವೇ ಎಂದು ಕೇಳಿದ. ನಾನೂರು ಜನ ತಿರುಗಿ ನೋಡುತ್ತಿದ್ದರು. ಸೂರಪ್ಪನವರು ನನ್ನನ್ನು ಹುಡುಕಿ ನೋಡಿದರು. ಮಾತು ಕೊಟ್ಟವಳು ಈಗ ಏನಾದರೂ ಹೇಳುತ್ತಾಳೆ ಎಂದು ಕಾದರು, ನನಗೆ ಚೆನ್ನಾಗಿ ಗೊತ್ತು. ನಾನು ಕೈಯಲ್ಲಿದ್ದ ಚೀಟಿ ನೋಡಿದೆ. ಅವರು ಕೈ ಮುಗಿದು, "ಆಗ್ಲಿ ಸ್ವಾಮಿ" ಎಂದು ಕೂತರು. ಮತ್ತೆ ಚಪ್ಪಾಳೆ.

ನಾನು ಕಲ್ಲೇಶಪ್ಪನವರ ಕಿವಿಯಲ್ಲಿ ಅದು ಅವರ ಮಗಳ ಮದುವೆಯ ಸೀರೆ, ವಾಪಸ್ ಕೊಡಬೇಕಾದದ್ದು ಎಂದೆ. ಅವರ ಮುಖ ಒಂದು ಕ್ಷಣ ಕಪ್ಪಿಟ್ಟಿದ್ದು ನಿಜ. ಆಮೇಲೆ ನಗುವನ್ನು ಹಾಗೇ ಇಟ್ಟುಕೊಂಡು, ತುಟಿ ಅಲ್ಲಾಡಿಸದೆ ಹೇಳಿದರು.

"ಸ್ಟೇಜ್ ಮ್ಯಾಲೆ ಸುಮ್ಕಿರ್ರಿ ಗೌರಮ್ಮ. ಕೊಟ್ಟಾಗೈತೆ. ಅವ್ರಿಗೆ ಬ್ಯಾರೆ ಒಂದು ಕೊಡ್ಸಿದ್ರಾತು. ಈಗ ವಂದನಾರ್ಪಣೆ ಮಾಡ್ರಿ, ಅವ್ರಿಗೆ ಹೊತ್ತಾತು."

ನಾನು ಎದ್ದೆ. ಮೈಕಿನ ಮುಂದೆ ನಿಂತೆ. ಇದು ನಮ್ಮ ಸೀರೆಯಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆ ಮಾತು ಗಂಟಲವರೆಗೆ ಬಂದಿತ್ತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಬಂದಿರಲಿಲ್ಲ. ಅತಿಥಿಗೆ ಅವಮಾನವಾದೀತು, ಸಭೆ ಕೆಟ್ಟೀತು, ನನ್ನನ್ನು ಏನೆಂದುಕೊಂಡಾರು ಎಂಬುದಷ್ಟೇ ತಲೆಯಲ್ಲಿತ್ತು. ಚೀಟಿಯಲ್ಲಿ ಇದ್ದದ್ದನ್ನು ಓದಿದೆ. ಅಮೃತದಂಥ ಮಾತುಗಳನ್ನಾಡಿದ ಮುಖ್ಯ ಅತಿಥಿಗಳಿಗೆ ಎಂದೆ. ಅಮೃತ. ಇದೇ ಬಾಯಿಂದ. ಅಧ್ಯಕ್ಷರಿಗೆ ಎಂದೆ. ಮುಂದಿನ ಸಾಲನ್ನು ಹಿಂದಿನ ದಿನವೇ ಬರೆದುಕೊಂಡಿದ್ದೆ, ಅದನ್ನೂ ಬಿಡಲಿಲ್ಲ: "ಈ ವೇದಿಕೆಗೆ ಸೀರೆ ನೀಡಿ ಸಹಕರಿಸಿದ ಸೂರಪ್ಪ ಮತ್ತು ಓಬಳಮ್ಮ ದಂಪತಿಗಳಿಗೆ."

ನಾಲ್ಕನೇ ಸಾಲಿನಿಂದ ಓಬಳಮ್ಮ ಎದ್ದರು.

ಹೆಸರು ಕರೆದರೆಂದು ಬರುತ್ತಿದ್ದಾರೆ ಎಂದುಕೊಂಡರು ಎಲ್ಲರೂ. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ವೇದಿಕೆ ಹತ್ತಿದರು. ಭಾಷಣಕಾರನ ಮುಂದೆ ಹೋಗಿ ನಿಂತರು. ಕಾಲಿಗೆ ಬೀಳಲು ಬಂದಿದ್ದಾಳೆ ಎಂದು ಆತ ಬಲಗೈ ಎತ್ತಿ ಆಶೀರ್ವಾದಕ್ಕೆ ಸಿದ್ಧನಾದ. ವಿಡಿಯೋದವರು ಓಡಿ ಬಂದರು. ಓಬಳಮ್ಮ ಬಗ್ಗಲಿಲ್ಲ. ಮೊದಲು ಹಾರ ಎತ್ತಿ ಮೇಜಿನ ಮೇಲಿಟ್ಟರು. ಆಮೇಲೆ ಸೀರೆಯನ್ನು ಅವನ ಹೆಗಲಿನಿಂದ ಬಿಡಿಸಿಕೊಂಡರು. ಎಳೆಯಲಿಲ್ಲ, ಜರಿ ಅವನ ಉಂಗುರಕ್ಕೆ ಸಿಕ್ಕಿಕೊಂಡಿತ್ತು, ನಿಧಾನಕ್ಕೆ ಅವನ ಬೆರಳು ಹಿಡಿದು ಬಿಡಿಸಿದರು. ಆತನ ಎತ್ತಿದ ಕೈ ಹಾಗೇ ಇತ್ತು. ನಿಂತಲ್ಲೇ, ಅಂಚಿಗೆ ಅಂಚು ಕೂಡಿಸಿ ಸೀರೆ ಮಡಿಚತೊಡಗಿದರು. ಹಾರದ ನೀರು ಸೆರಗಿನ ನವಿಲಿನ ಮೇಲೆ ಅಂಗೈಯಗಲ ಕಲೆ ಮಾಡಿತ್ತು. ಅದನ್ನು ಒಳಮಡಿಕೆಗೆ ತಿರುಗಿಸಿದರು.

ಇಳಿಯುವ ಮೆಟ್ಟಿಲು ನನ್ನ ಪಕ್ಕದಲ್ಲೇ ಇತ್ತು. ಸೀರೆಯನ್ನು ಎದೆಗೆ ಹಿಡಿದುಕೊಂಡು ಬಂದವರು ನನ್ನ ಮುಂದೆ ಒಂದು ಗಳಿಗೆ ನಿಂತರು. ಸಿಟ್ಟಿರಲಿಲ್ಲ ಮುಖದಲ್ಲಿ. ಗಟ್ಟಿಯಾಗಿಯೂ ಹೇಳಲಿಲ್ಲ.

"ಮಾತು ಕೊಟ್ಟೋರು ನೀವು ಅಮ್ಮಾ. ತಗಳಾಕೆ ನಾ ಬರಬೇಕಾತು."

ಮೈಕು ಆನ್ ಇತ್ತು. ಹಿಂದಿನ ಗೋಡೆಗೆ ಒರಗಿ ನಿಂತವರಿಗೂ ಕೇಳಿಸಿತು. ಮೂರು ಗಂಟೆಯ ಆ ಕಾರ್ಯಕ್ರಮದಲ್ಲಿ ಜನ ಇಂದಿಗೂ ಒಂದು ಶಬ್ದವೂ ಬಿಡದೆ ಹೇಳುವುದು ಅದೊಂದೇ ಮಾತು. ಸೂರಪ್ಪನವರು ಬಾಗಿಲಲ್ಲಿ ಕಾಯುತ್ತಿದ್ದರು. ಪಾಲಿಯೆಸ್ಟರ್ ಶಾಲು, ಪೇಟ ಎರಡನ್ನೂ ಕುರ್ಚಿಯ ಮೇಲೆ ಮಡಿಚಿಟ್ಟು ಬಂದಿದ್ದರು. ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದುಕೊಂಡು ಹೋದರು. ಚೌಡಮ್ಮನ ಗುಡಿಯಲ್ಲಿ ಮತ್ತೊಮ್ಮೆ ಪೂಜೆ ಮಾಡಿಸಿ ಮದುವೆಯಲ್ಲಿ ದಿವ್ಯಶ್ರೀಗೆ ಅದೇ ಸೀರೆ ಉಡಿಸಿದರಂತೆ, ಕಲೆ ಕಾಣದ ಹಾಗೆ ಸೆರಗು ಹಿಡಿದಿದ್ದರಂತೆ. ಕೇಳಿ ತಿಳಿದದ್ದು. ಮದುವೆಗೆ ನನ್ನನ್ನು ಕರೆದಿರಲಿಲ್ಲ.

ಮುಂದಿನ ಸಭೆಯಲ್ಲಿ ನಮ್ಮವರು ಓಬಳಮ್ಮನಿಗೆ ಸಂಸ್ಕಾರವಿಲ್ಲ ಎಂದು ಮಾತಾಡಿಕೊಂಡರು. ಕಲ್ಲೇಶಪ್ಪನವರೇ, ನೀವು ಕೇಳಿದ ಮರೆಯಲಾಗದ ಅತಿಥಿ ಆ ಹೆಂಗಸು. ಫೋಟೋ ಇದ್ದರೆ ಹಾಕಿ. ಇನ್ನೊಂದನ್ನೂ ಬರೆದು ಮುಗಿಸುತ್ತೇನೆ, ಯಾಕೆಂದರೆ ಅದನ್ನು ನೀವು ಯಾರೂ ಗಮನಿಸಿರಲಿಲ್ಲ, ನಾನು ಮಾತ್ರ ದಿನಾ ನೆನೆದು ಹೇಸುತ್ತೇನೆ. ಓಬಳಮ್ಮ ಬಾಗಿಲು ದಾಟಿದ ಮೇಲೆ ಸಭೆ ಹಾಗೇ ಕೂತಿತ್ತು. ನನ್ನ ಚೀಟಿಯಲ್ಲಿ ಇನ್ನೂ ಎರಡು ಸಾಲು ಉಳಿದಿದ್ದವು, ಮೈಕ್‌ಸೆಟ್ಟಿನವರಿಗೆ, ಶಾಮಿಯಾನದವರಿಗೆ.

ಅವನ್ನೂ ಓದಿದೆ.