ಏನಿಲ್ಲ ಎನ್ನುತ್ತಿದ್ದ ನರ್ಸಮ್ಮ

ಶ್ಯಾಮಲಮ್ಮನವರು ಈಗ ಯಾರಿಗೂ ‘ಏನಿಲ್ಲ ಬಿಡು’ ಎನ್ನುವುದಿಲ್ಲ. ಶ್ರೀನಿವಾಸಪುರ ತಾಲ್ಲೂಕಿನ ಗಡಿಯಂಚಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ಇಪ್ಪತ್ತಾರು ವರ್ಷ ಆ ಎರಡು ಮಾತುಗಳೇ ಅವರ ಅರ್ಧ ಔಷಧಿಯಾಗಿದ್ದವು. ಬಿಳಿ ಕೋಟಿನ ಜೇಬಿನಲ್ಲಿ ಟಾರ್ಚು, ಅಳತೆಯ ಟೇಪು, ಮಕ್ಕಳಿಗೆಂದು ಒಂದಷ್ಟು ಕಡಲೆಮಿಠಾಯಿ ತುಂಬಿಕೊಂಡು, ಆ ಭಾರಕ್ಕೆ ಒಂದು ಭುಜ ವಾಲಿಸಿಕೊಂಡು, ಮಾವಿನ ತೋಪುಗಳ ನಡುವಿನ ದಾರಿಯಲ್ಲಿ ಗಂಡಸರೂ ಹಿಂದೆ ಬೀಳುವ ಬಿರುಸಿನಲ್ಲಿ ಅವರು ನಡೆದು ಬರುವುದನ್ನು ಕಂಡರೇ ಬಸುರಿಯರ ಮುಖ ಸಡಿಲವಾಗುತ್ತಿತ್ತು. ಕನ್ನಡದಲ್ಲಿ ಬೈದು ತೆಲುಗಿನಲ್ಲಿ ಸಮಾಧಾನ ಹೇಳುವುದು ಅವರ ಕ್ರಮ.

ಮುನಿಲಕ್ಷ್ಮಿ ಬಂದದ್ದು ಲಸಿಕೆ ಹಾಕುವ ಒಂದು ಗುರುವಾರ. ಇಪ್ಪತ್ತೊಂಬತ್ತು ವಯಸ್ಸು, ಟೊಮೆಟೊ ಮಂಡಿಯಲ್ಲಿ ಹಣ್ಣು ಆರಿಸುವ ಕೆಲಸ, ಸೊಂಟದ ಮೇಲೆ ಏಳು ತಿಂಗಳ ಮಗು. ಎಲ್ಲರೂ ಹೋಗುವವರೆಗೆ ಕಾದಿದ್ದು, ಎಡ ಮೊಲೆಯಲ್ಲೊಂದು ಗಂಟಿದೆ ಎಂದಳು. ಶ್ಯಾಮಲಮ್ಮನವರು ಎರಡು ಬೆರಳಿನಿಂದ ಒತ್ತಿ ನೋಡಿದರು.

“ಹಾಲು ಕಟ್ಟಿದೆ ಕಣೇ. ಬಿಸಿನೀರಿನ ಬಟ್ಟೆ ಇಡು, ಮಗೂಗೆ ಆ ಕಡೆನೇ ಕುಡಿಸು. ಏನಿಲ್ಲ ಬಿಡು.”

“ನೊಪ್ಪೇ ಲೇದು ನರ್ಸಮ್ಮ. ಒಂಚೂರೂ ನೋವಿಲ್ಲ.”

“ನೋವಿಲ್ದಿದ್ರೆ ಒಳ್ಳೇದೇ ಅಲ್ವೇನೇ?”

ನೋವಿಲ್ಲದ ಗಂಟಿಗೇ ಹೆಚ್ಚು ಅಂಜಬೇಕೆಂದು ತರಬೇತಿಯಲ್ಲಿ ಕಲಿತದ್ದು ಅವರಿಗೆ ಮರೆತಿರಲಿಲ್ಲ. ಆದರೆ ಆ ಪಾಠದ ಚಿತ್ರದಲ್ಲಿದ್ದವಳು ನರೆತ ಕೂದಲಿನ ಹೆಂಗಸು. ಎದುರಿಗಿದ್ದವಳು ಹಾಲೂಡುವ ಹುಡುಗಿ. ಐದು ತಿಂಗಳಾದ ಮೇಲೆ ದಾರಿಯಲ್ಲಿ ಸಿಕ್ಕಾಗ ತಾವಾಗಿಯೇ ವಿಚಾರಿಸಿದರು. ಅವಳ ಮನೆಯೊಳಗೆ ಹೋಗಿ ನೋಡಿದರೆ ಮೊಲೆಯ ಚರ್ಮ ಕಿತ್ತಳೆ ಸಿಪ್ಪೆಯಂತೆ ಕುಳಿಬಿದ್ದಿತ್ತು. ಮರುದಿನವೇ ರಜೆ ಹಾಕಿ ಅವಳನ್ನು ಕೋಲಾರಕ್ಕೆ, ಅಲ್ಲಿಂದ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದರು.

ಅಲ್ಲಿನ ಡಾಕ್ಟರು ಹೆಣ್ಣುಮಗಳು, ಮೆಲುಮಾತಿನವರು. ಎಳೆವಯಸ್ಸಿನವರಲ್ಲಿ ಈ ರೋಗ ಅನೇಕ ವೇಳೆ ಬಿರುಸಾಗಿ ಬೆಳೆಯುತ್ತದೆ, ಇವಳದು ಹಾರ್ಮೋನಿನ ಮಾತ್ರೆಗೆ ಬಗ್ಗದ ಜಾತಿ, ಮೊದಲು ಕಿಮೋ, ಆಮೇಲೆ ಆಪರೇಷನ್ ಎಂದರು. ಮುನಿಲಕ್ಷ್ಮಿ ಹೊರಗೆ ಹೋದ ಮೇಲೆ ಶ್ಯಾಮಲಮ್ಮನವರು ಕೇಳಿದರು: “ಐದು ತಿಂಗಳು ಮುಂಚೆ ಬಂದಿದ್ರೆ ಮೇಡಂ?”

“ಉಳೀತಿದ್ರು ಅಂತ ಆಣೆ ಮಾಡಿ ಹೇಳಕ್ಕಾಗಲ್ಲ. ಗಂಟು ಚಿಕ್ಕದಿರ್ತಿತ್ತು. ಅಷ್ಟು ಹೇಳಬಹುದು.”

ಔಷಧಿ ಮೊದಮೊದಲು ಚೆನ್ನಾಗಿಯೇ ಹಿಡಿಯಿತು. ನಾಲ್ಕನೆಯ ಕಿಮೋ ಹೊತ್ತಿಗೆ ಗಂಟು ಕೈಗೇ ಸಿಗದಷ್ಟು ಕರಗಿ, ಬೋಳುತಲೆಗೆ ದುಪಟ್ಟಾ ಸುತ್ತಿಕೊಂಡ ಮುನಿಲಕ್ಷ್ಮಿ ಬಸ್ಸಿನುದ್ದಕ್ಕೂ ನಗುತ್ತಾ ಬಂದಳು. ಆಪರೇಷನ್ನಿನ ಬಳಿಕ ಬಂದ ವರದಿ ಬೇರೆಯದನ್ನೇ ಹೇಳಿತು: ಕಂಕುಳಿನ ಮೂರು ಗ್ರಂಥಿಗಳಲ್ಲಿ ರೋಗ ಇನ್ನೂ ಜೀವಂತವಾಗಿತ್ತು. “ಪೂರ್ತಿ ಕರಗಿದೋರಲ್ಲಿ ಎಷ್ಟೋ ಜನ ಚೆನ್ನಾಗಿರ್ತಾರೆ. ಹೀಗೆ ಉಳ್ಕೊಂಡ್ರೆ ಮತ್ತೆ ಬರೋ ಭಯ ಜಾಸ್ತಿ,” ಎಂದರು ಡಾಕ್ಟರು. ಆಮೇಲೆ ಕಿಮೋದ ಮಾತ್ರೆ, ಜೊತೆಗೆ ಜನ ‘ಕರೆಂಟು’ ಎನ್ನುವ ವಿಕಿರಣ. ಒಂದೂವರೆ ವರ್ಷ ನೆಮ್ಮದಿಯಾಗಿದ್ದಳು. ಆಮೇಲೆ ಒಣಕೆಮ್ಮು ಶುರುವಾಯಿತು. ರೋಗ ಶ್ವಾಸಕೋಶ ಸೇರಿತ್ತು.

ಅಷ್ಟೂ ದಿನ ಪ್ರತಿ ಪ್ರಯಾಣದಲ್ಲೂ ಜೊತೆಗಿದ್ದ ನರ್ಸಮ್ಮನನ್ನು ಮುನಿಲಕ್ಷ್ಮಿಯ ಮನೆಯವರು ದೇವರೆಂದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಶ್ಯಾಮಲಮ್ಮನವರು ಜೇಬಿನೊಳಗೆ ಕೈಹಾಕಿ ಏನನ್ನೋ ಹುಡುಕುತ್ತಿದ್ದರು. ಕಡೆಗೊಂದು ಮಧ್ಯಾಹ್ನ, ಮನೆಯಲ್ಲಿ ಬೇರಾರೂ ಇಲ್ಲದಾಗ, ಮಂಚದ ಪಕ್ಕ ಕುಳಿತು ಹೇಳಿಬಿಟ್ಟರು: “ಅವತ್ತು ನಾನು ತಪ್ಪು ಹೇಳಿದೆ ಕಣೇ.”

ಮುನಿಲಕ್ಷ್ಮಿ ಉಸಿರು ಸುಧಾರಿಸಿಕೊಂಡಳು. “ಗೊತ್ತು ನರ್ಸಮ್ಮ. ಗಂಟು ದೊಡ್ಡದಾಗ್ತಿರೋದು ನಂಗೂ ಗೊತ್ತಿತ್ತು. ಏನಿಲ್ಲ ಅಂದಿದ್ರಲ್ಲ, ಅದನ್ನೇ ಹಿಡ್ಕೊಂಡು ಕೂತಿದ್ದೆ. ನೀವು ಹೇಳಿದ್ರಿಂದ ನಂಬ್ದೆ. ಬೇರೆ ಯಾರು ಹೇಳಿದ್ರೂ ನಂಬ್ತಿರ್ಲಿಲ್ಲ,” ಎಂದಳು. ದೂರುವ ದನಿಯಾಗಿರಲಿಲ್ಲ ಅದು. ಆ ವರ್ಷದ ಮಾವು ಮಂಡಿಗೆ ಬರುವ ಮೊದಲೇ ಅವಳು ತೀರಿಕೊಂಡಳು. ಮೂವತ್ತೆರಡು ತುಂಬಿರಲಿಲ್ಲ.

ಈಗ ಇಪ್ಪತ್ತರ ಹುಡುಗಿ ಗಂಟೆಂದು ಬಂದರೂ ಶ್ಯಾಮಲಮ್ಮನವರು ಚೀಟಿ ಬರೆದು ಸ್ಕ್ಯಾನಿಗೆ ಕಳಿಸುತ್ತಾರೆ. ಹತ್ತರಲ್ಲಿ ಒಂಬತ್ತು ಸಾದಾ ಗಂಟೇ ಆಗಿರುತ್ತದೆ. ನರ್ಸಮ್ಮ ಸುಮ್ಮನೆ ಹೆದರಿಸುತ್ತಾರೆಂದು ಜನ ಬೇಸರಪಡುತ್ತಾರೆ. ಹೋದ ವರ್ಷ ಕೌಸರ್ ಎಂಬ ಮೂವತ್ತನಾಲ್ಕರ ಹೆಣ್ಣುಮಗಳ ರೋಗ ಕಡಲೆಕಾಳಿನಷ್ಟಿರುವಾಗಲೇ ಸಿಕ್ಕಿತು, ಅವಳು ಗುಣಮುಖಳಾಗುತ್ತಿದ್ದಾಳೆ. ಅವಳ ತಾಯಿ ಬಂದು ಕೈ ಹಿಡಿದುಕೊಂಡಾಗ ಶ್ಯಾಮಲಮ್ಮನವರು ಮೆಲ್ಲನೆ ಕೈ ಬಿಡಿಸಿಕೊಂಡು, ಮುಂದಿನ ತಪಾಸಣೆ ಯಾವತ್ತೆಂದು ಕೇಳಿದರು.

ಊರೂರು ಕಾಲ್ನಡಿಗೆಯಲ್ಲಿ ತಿರುಗಿ ಪರರ ಪ್ರಾಣ ಕಾಯುವ ಇಂಥ ಹೆಂಗಸರು ತಾವು ಉಳಿಸಿದವರ ಹೆಸರುಗಳನ್ನು ಬೇಗ ಮರೆಯುತ್ತಾರೆ. ಉಳಿಸಲಾಗದ ಒಬ್ಬಳ ಹೆಸರು ಮಾತ್ರ ನಿವೃತ್ತಿಯವರೆಗೂ, ಅದರಾಚೆಗೂ ಅವರ ಜೊತೆ ನಡೆಯುತ್ತದೆ. ಲೋಕ ಅವರನ್ನು ಸುಲಭವಾಗಿ ಕ್ಷಮಿಸುತ್ತದೆ. ಆ ಕ್ಷಮೆಯನ್ನು ಕೈಯೊಡ್ಡಿ ತೆಗೆದುಕೊಳ್ಳುವುದು ಮಾತ್ರ ಅವರಿಂದ ಆಗುವುದಿಲ್ಲ.