ಒಂಬತ್ತನೇ ಗೂಟದ ರಿಬ್ಬನ್

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ತೊಟ್ಟಿಲಲ್ಲಿ ಮಲಗಿಸಿದರೂ ಒದ್ದು ಒದ್ದು ಹಗ್ಗ ಸವೆಸಿದವಳಂತೆ ನಾನು. ಹಾಗಂತ ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಆ ಭಾನುವಾರ ಬೆಳಿಗ್ಗೆಯಂತೂ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಸುತ್ತುತ್ತಿದ್ದೆ. ನಮ್ಮದು ಒಂದೇ ಕೋಣೆ. ಅದರ ಮುಕ್ಕಾಲು ಭಾಗವನ್ನು ಇಸ್ತ್ರಿ ಮೇಜೇ ನುಂಗಿದೆ. ಉಳಿದಿದ್ದು ಐದು ಹೆಜ್ಜೆಯ ಜಾಗ.

"ಒಂದು ಕಡೆ ನಿಂತ್ಕೊಳ್ಳೇ ಮಾರಾಯ್ತಿ, ನನಗೆ ತಲೆ ಸುತ್ತುತ್ತೆ," ಎಂದಳು ಅಮ್ಮ, ಯಾರದೋ ಅಂಗಿಯ ಕಾಲರ್ ತಿರುವುತ್ತಾ.

"ನಾಳೆ ಹತ್ತು ಗಂಟೆಗೆ ಪಟ್ಟಿ ಹಾಕ್ತಾರೆ."

"ನಾಳೆ ತಾನೆ? ಅದಕ್ಕೆ ಇವತ್ತೇ ಯಾಕೆ ನೆಲ ಸವೆಸ್ತೀಯ?"

ಅವಳಿಗೇನು ಗೊತ್ತು. ಕಾಡಿನ ಬೆಂಕಿ ಆರಿಸುವ ಪಡೆಗೆ ಹನ್ನೊಂದು ಜನ ಆರು ತಿಂಗಳಿಂದ ತರಬೇತಿಯಲ್ಲಿದ್ದೆವು. ಶಾಲೆ ಅರ್ಧಕ್ಕೆ ಬಿಟ್ಟವರು, ಅಪ್ಪ ಅಮ್ಮ ಇಲ್ಲದವರು, ಪೊಲೀಸ್ ಠಾಣೆಯ ಬೆಂಚು ಕಂಡು ಬಂದವರು, ಒಟ್ಟಿನಲ್ಲಿ ಎಲ್ಲೂ ಸಲ್ಲದವರು ಎಂದು ಜನ ಕೈಬಿಟ್ಟವರಿಗಾಗಿಯೇ ಮಾಡಿದ ತರಬೇತಿ ಅದು. ಸಸಿ ನೆಟ್ಟೆವು, ಕಳೆ ಕಿತ್ತೆವು, ಬೆನ್ನ ಮೇಲೆ ಇಪ್ಪತ್ತು ಕಿಲೋ ಹೊತ್ತು ಗುಡ್ಡ ಹತ್ತಿಳಿದೆವು. ಬೆಂಕಿ ದಾಟದ ಹಾಗೆ ನೆಲವನ್ನು ಬೋಳಾಗಿ ಕೆತ್ತಿ ಬೆಂಕಿ ರೇಖೆ ಮಾಡುವುದನ್ನು ಕಲಿತೆವು. ಹನ್ನೊಂದರಲ್ಲಿ ಆರು ಜನಕ್ಕೆ ಖಾಯಂ ಕೆಲಸ. ಆ ಆರರಲ್ಲಿ ನಾನಿದ್ದರೆ ಈ ಐದು ಹೆಜ್ಜೆಯ ಕೋಣೆಯಿಂದ ನಾನು ಹೊರಗೆ. ಇಲ್ಲದಿದ್ದರೆ ಮತ್ತೆ ಇದೇ ಮೇಜು, ಇದೇ ಕೆಂಡ, ಊರವರ ಇದೇ ಅಂಗಿಗಳು. ನಾನು ತರಬೇತಿಗೆ ಸೇರಿದ ದಿನ ಅಮ್ಮ, "ಮನೆಯ ಕೆಂಡ ಸಾಲದು ಅಂತ ಕಾಡಿನ ಬೆಂಕಿಗೆ ಹೋಗ್ತಿದೀಯಾ?" ಎಂದು ನಕ್ಕಿದ್ದಳು. ನಕ್ಕವಳೇ ಆಚೆ ತಿರುಗಿ ಕಣ್ಣೊರೆಸಿಕೊಂಡಿದ್ದಳು.

ನನ್ನ ಹೆಸರು ಪಟ್ಟಿಯಲ್ಲಿ ಇರುತ್ತದೆ ಎಂದೇ ನನ್ನ ಲೆಕ್ಕ. ಯಾಕೆಂದರೆ ಶನಿವಾರ ಕಡೆಯ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಮುಗಿಸಿದವಳು ನಾನು.

ಪರೀಕ್ಷೆ ಹೀಗಿತ್ತು. ಗುಡ್ಡದ ಬುಡದಲ್ಲಿ ಒಂದು ಹುಲ್ಲಿನ ಜಾಗಕ್ಕೆ ನಾವೇ ಬೆಂಕಿ ಹಾಕಿ, ನಾವೇ ಆರಿಸಿ, ಆಮೇಲೆ ಮಂಡಿಯೂರಿ ಬೂದಿಯನ್ನು ಬರಿಗೈಯಲ್ಲಿ ಮುಟ್ಟಿ ನೋಡುತ್ತಾ ಸಾಗಬೇಕು. ಕಣ್ಣಿಗೆ ಆರಿದಂತೆ ಕಾಣುವ ಬೆಂಕಿ ಬೇರಿನೊಳಗೆ ಎರಡು ದಿನ ಅಡಗಿ ಕೂತು ಮತ್ತೆ ಏಳುತ್ತದೆ. ಅಂಚಿನುದ್ದಕ್ಕೂ ಗೂಟಗಳು, ಗೂಟದಿಂದ ಗೂಟಕ್ಕೆ ಅರವತ್ತು ಹೆಜ್ಜೆ, ಒಬ್ಬೊಬ್ಬರಿಗೆ ಒಂದೊಂದು ಪಾಲು. ಇಡೀ ಪಾಲು ತಣ್ಣಗಿದೆ ಎಂದು ಖಾತ್ರಿಯಾದ ಮೇಲೆ ನಮ್ಮ ನಮ್ಮ ಬಣ್ಣದ ರಿಬ್ಬನ್ನನ್ನು ಗೂಟಕ್ಕೆ ಕಟ್ಟಬೇಕು. ನನ್ನದು ಒಂಬತ್ತನೇ ಗೂಟ, ಹಳದಿ ರಿಬ್ಬನ್.

"ಕಟ್ಟಿದ ರಿಬ್ಬನ್ ಅಂದ್ರೆ ಕೊಟ್ಟ ಮಾತು. ಸಹಿ ಬೇಡ, ಆಣೆ ಬೇಡ, ಇದೇ ಸಾಕು," ಎಂದು ಸೈರನ್ ಮೇಡಂ ಮೊದಲ ದಿನವೇ ಹೇಳಿದ್ದರು. ನಮ್ಮ ತರಬೇತುದಾರರು ಅವರು. ಗುಡ್ಡದ ಆ ತುದಿಯಲ್ಲಿ ನಿಂತು ಕರೆದರೆ ಈ ತುದಿಗೆ ಕೇಳಿಸುವ ಗಂಟಲು, ಅದಕ್ಕೇ ಆ ಹೆಸರು. "ಕೈಯ ಹಿಂಬದಿಯಿಂದ ಮುಟ್ಟಿ, ಬೆರಳಿನಿಂದ ಅಲ್ಲ," ಎಂದೂ ನೂರು ಸಲ ಹೇಳಿದ್ದರು.

ನಾನು ನೂರು ಸಲವೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೆ. ಹತ್ತು ವರ್ಷದವಳಿದ್ದಾಗಿನಿಂದ ಇಸ್ತ್ರಿ ಪೆಟ್ಟಿಗೆ ಹಿಡಿದ ಕೈ ನನ್ನದು. ಬಿಸಿ ಅಂದರೇನು ಅಂತ ನನಗೆ ಯಾರಾದರೂ ಹೇಳಿಕೊಡಬೇಕೇ? ಹಿಂಬದಿಯಿಂದ ಮುಟ್ಟುತ್ತಾ ಹೋದರೆ ಆಮೆ ನಡಿಗೆ. ನಾನು ಬೆರಳುಗಳನ್ನು ಬೂದಿಯೊಳಗೆ ನೇರ ತೂರಿಸಿ, ಕೆದಕಿ, ಮುಂದೆ, ಮುಂದೆ, ಮುಂದೆ. ಪಕ್ಕದ ಪಾಲಿನವರು "ಹಾ", "ಸ್ಸ್" ಎಂದು ಕೈ ಕೊಡವುತ್ತಾ ಕೂತಿದ್ದಾಗ ನಾನು ರಿಬ್ಬನ್ ಕಟ್ಟಿ, ನೀರು ಕುಡಿದು, ಕಾಲು ಚಾಚಿ ಕೂತಿದ್ದೆ. ಮೇಡಂ ಎಂದಿನಂತೆ ಪ್ರತಿ ಪಾಲಿನಲ್ಲೂ ಎರಡು ಮೂರು ಕಡೆ ತಮ್ಮ ಕೈ ಇಟ್ಟು ನೋಡಿದರು. ನನ್ನದರಲ್ಲಿ ಮೂರು ಕಡೆಯೂ ತಣ್ಣಗಿತ್ತು. ತಲೆಯಾಡಿಸಿದರು. ನನಗೆ ಕೋಡು ಮೂಡಿತು.

ಭಾನುವಾರ ಆ ಕೋಡು ಮುರಿದದ್ದು ಒಂದು ಕೆಂಡದಿಂದ.

ಅಮ್ಮ ಇಸ್ತ್ರಿ ಪೆಟ್ಟಿಗೆ ಅಲುಗಾಡಿಸಿದಾಗ ಒಂದು ತುಂಡು ನೆಲಕ್ಕೆ ಹಾರಿತು. ಬೂದಿ ಮುಚ್ಚಿದ ಸಣ್ಣ ತುಂಡು. ನಾನು ಸುತ್ತುತ್ತಿದ್ದವಳು ಬಗ್ಗಿ, ಅದನ್ನು ಎರಡು ಬೆರಳಲ್ಲಿ ಎತ್ತಿ, "ಆರಿದೆ ಬಿಡು" ಎಂದು ಮೇಜಿನ ಅಂಚಿನಲ್ಲಿಟ್ಟು ಮತ್ತೆ ಕಿಟಕಿಯ ಕಡೆ ಹೊರಟೆ. ಎರಡು ಹೆಜ್ಜೆ ಇಟ್ಟಿರಲಿಲ್ಲ, ಸುಟ್ಟ ಬಟ್ಟೆಯ ವಾಸನೆ ಬಂತು. ತಿರುಗಿದರೆ ಮೇಜಿನ ಹೊದಿಕೆಯ ಮೇಲೆ ಕಂದು ಬಣ್ಣದ ಉಂಗುರ, ನಡುವೆ ತೂತು. ಅಮ್ಮ ಕೆಂಡವನ್ನು ತಳ್ಳಿ ನೀರಿನ ಬಟ್ಟಲಿಗೆ ಬೀಳಿಸಿದಳು. ಚುಂಯ್ ಎಂದಿತು.

"ಆರಿದೆ ಅಂದೆಯಲ್ಲೇ! ಬೆರಳಿಗೆ ಗೊತ್ತಾಗ್ಲಿಲ್ವಾ?"

"ಇಲ್ಲಮ್ಮ."

"ಅಯ್ಯೋ, ನನಗೂ ಗೊತ್ತಾಗಲ್ಲ ಬಿಡು. ನಮ್ಮ ಬೆರಳು ಸತ್ತು ಯಾವ ಕಾಲವಾಯ್ತೋ. ಚಿಕ್ಕವಳಿದ್ದಾಗ ನಿನಗೆ ಜ್ವರ ಬಂದ್ರೆ ಕೈ ಇಟ್ಟು ನೋಡಿದ್ದೇ ಇಲ್ಲ ನಾನು. ಕೆನ್ನೆಗೆ ಕೆನ್ನೆ ಇಟ್ಟು ನೋಡ್ತಿದ್ದೆ."

ಅವಳು ಇದನ್ನು ತಮಾಷೆಯಾಗಿಯೇ ಹೇಳಿ ಹೊದಿಕೆ ಮಡಚಿ ತೂತು ಮರೆಮಾಡಿದಳು. ನಾನು ಶನಿವಾರ ಅರವತ್ತು ಹೆಜ್ಜೆ ಬೂದಿಯನ್ನು ಈ ಸತ್ತ ಬೆರಳಿನಲ್ಲೇ ಮುಟ್ಟಿ ಬಂದಿದ್ದೆ. ತಣ್ಣಗಿದೆ ಎಂದು ರಿಬ್ಬನ್ ಬೇರೆ ಕಟ್ಟಿದ್ದೆ.

ಕಿಟಕಿಯಾಚೆ ಎದುರು ಮನೆಯವರ ಒಣಹಾಕಿದ ಬಟ್ಟೆಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಶನಿವಾರ ಎಲೆ ಅಲುಗಿರಲಿಲ್ಲ. ಇವತ್ತು ಇಷ್ಟು ಗಾಳಿ. ನನ್ನ ಪಾಲಿನ ಆಚೆ ಒಣಹುಲ್ಲು, ಹುಲ್ಲಿನ ಆಚೆ ನಾವೇ ಆರು ತಿಂಗಳು ನೀರು ಹೊತ್ತು ಬೆಳೆಸಿದ ಸಸಿಗಳ ತೋಟ.

ಬೇಕರಿಗೆ ಫೋನ್ ಮಾಡಿದೆ. ಬೇಕರಿ ಎಂದರೆ ನಮ್ಮ ಬ್ಯಾಚಿನ ಹುಡುಗ, ಮೊದಲು ಬೇಕರಿಯ ಒಲೆಯ ಮುಂದೆ ಇದ್ದವನು. ಅವನಿಗೆ ಆ ಹೆಸರು, ನನಗೆ ಇಸ್ತ್ರಿ. ಅವತ್ತು ಕಾವಲಿನ ಪಾಳಿ ಅವನದು, ಮೇಡಂ ಜೊತೆ ಗುಡ್ಡದ ಹತ್ತಿರದ ತರಬೇತಿ ಶೆಡ್ಡಿನಲ್ಲಿದ್ದ.

"ಲೋ, ನನ್ನ ಗೂಟದ ಹತ್ತಿರ ಹೊಗೆ ಏನಾದ್ರೂ ಕಾಣ್ತಿದೆಯಾ?"

"ಇಲ್ಲಪ್ಪ. ಇಲ್ಲಿಂದ ಎಲ್ಲಾ ಚೆನ್ನಾಗೇ ಇದೆ. ಯಾಕೆ?"

ಹೇಳಿದೆ. ಅವನು ದನಿ ತಗ್ಗಿಸಿ, "ಏ ಇಸ್ತ್ರಿ, ಬಾಯಿಗೆ ಬೀಗ ಹಾಕ್ಕೊಂಡು ಮನೇಲಿರು. ನಾಳೆ ಪಟ್ಟಿ ಬರುತ್ತೆ. ಮೇಡಂ ಕಿವಿಗೆ ಬಿತ್ತೋ, ಮುಗೀತು ನಿನ್ನ ಕಥೆ," ಎಂದ.

ನನಗೆ ಆ ಮಾತು ಬಹಳ ಹಿಡಿಸಿತು. ಸುಳ್ಳು ಯಾಕೆ ಹೇಳಲಿ, ಹಿಡಿಸಿತು. ಮತ್ತೆ ಐದು ಹೆಜ್ಜೆ, ಮತ್ತೆ ಐದು ಹೆಜ್ಜೆ. ಬಟ್ಟೆಗಳು ಪಟಪಟ. ಕಡೆಗೆ ಒಂದು ಉಪಾಯ ಹೊಳೆಯಿತು. ಯಾರಿಗೂ ಹೇಳದೆ ನಾನೇ ಹೋಗಿ, ಇನ್ನೊಮ್ಮೆ ನೋಡಿ, ಏನಾದರೂ ಇದ್ದರೆ ಆರಿಸಿ, ಬೆಕ್ಕಿನ ಹಾಗೆ ವಾಪಸ್ಸು ಬಂದರಾಯಿತು. ಪಾಲೂ ತಣ್ಣಗಿರುತ್ತದೆ, ಪಟ್ಟಿಯೂ ಉಳಿಯುತ್ತದೆ. ಎರಡು ಬಾಟಲಿ ನೀರು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಬಸ್ಸು ತೆವಳಿತು. ಚಾಲಕನಿಗೆ ಪ್ರತಿ ನಿಲ್ದಾಣದಲ್ಲೂ ನೆಂಟರಿದ್ದ ಹಾಗೆ ಕಂಡಿತು. ಸೀಟು ಖಾಲಿ ಇದ್ದರೂ ನಾನು ನಿಂತೇ ಇದ್ದೆ. ನಾನು ನಿಂತರೆ ಅದು ಬೇಗ ಹೋಗುತ್ತದೇನೋ ಎಂಬಂತೆ.

ಶೆಡ್ಡಿಗೆ ಕಾಣದ ಹಾಗೆ ಗುಡ್ಡದ ಹಿಂದಿನಿಂದ ಇಳಿದೆ. ಹಳದಿ ರಿಬ್ಬನ್ ಗಾಳಿಗೆ ಕುಣಿಯುತ್ತಿತ್ತು. ನನಗೆ ಅದನ್ನು ನೋಡಿಯೇ ಸಿಟ್ಟು ಬಂತು. ಮಂಡಿಯೂರಿ, ಈ ಸಲ ಕೈ ಮಗುಚಿ, ಹಿಂಬದಿಯನ್ನು ಬೂದಿಗೆ ಇಟ್ಟೆ. ತಣ್ಣಗೆ. ಒಂದು ಗೇಣು ಮುಂದೆ, ತಣ್ಣಗೆ. ಇಪ್ಪತ್ತು ಹೆಜ್ಜೆ ಹೀಗೇ ಹೋದೆ, ಮನಸ್ಸು ಹಗುರಾಗತೊಡಗಿತು. ಇಪ್ಪತ್ತೆರಡನೇ ಹೆಜ್ಜೆಯಲ್ಲಿ ಒಂದು ಮೋಟುಮರದ ಬುಡ. ಅಲ್ಲಿ ಕೈ ಇಟ್ಟವಳು ಕಿರುಚಿಕೊಂಡೆ.

ಕೈಯ ಹಿಂಬದಿ ಕೆಂಪಗಾಯಿತು. ಶನಿವಾರ ಇದೇ ಬುಡದೊಳಗೆ ನನ್ನ ನಾಲ್ಕು ಬೆರಳು ತೂರಿಸಿದ್ದು ನನಗೆ ಚೆನ್ನಾಗಿ ನೆನಪಿತ್ತು. ಆಗ ಬಿಸಿಲಿಗೆ ಕಾದ ಮಣ್ಣು ಅನ್ನಿಸಿತ್ತು, ಅಷ್ಟೇ.

ಒಂದು ಬಾಟಲಿ ಸುರಿದೆ. ಬುಸ್ಸೆಂದು ಹಬೆ ಎದ್ದಿತು. ಕೋಲಿನಿಂದ ಕೆದಕಿದೆ, ಒಳಗೆ ಕೆಂಪು ಕಣ್ಣು. ಎರಡನೇ ಬಾಟಲಿಯೂ ಮುಗಿಯಿತು. ಬೇರು ನೆಲದೊಳಗೆ ಬೆಂಕಿ ರೇಖೆಯ ಅಡಿಯಿಂದಲೇ ಆಚೆಗೆ ಹೋಗಿತ್ತು. ನೋಡುತ್ತಿದ್ದಂತೆಯೇ ರೇಖೆಯಾಚೆ ಒಣಹುಲ್ಲಿನ ಬುಡದಲ್ಲಿ ಒಂದು ಎಳೆ ಹೊಗೆ ಎದ್ದಿತು. ಕಾಲಿನಿಂದ ತುಳಿದೆ. ಒಂದು ಮಾರು ದೂರದಲ್ಲಿ ಇನ್ನೊಂದು ಎಳೆ.

ಫೋನು ಕೈಯಲ್ಲೇ ಇತ್ತು. ಒತ್ತಿದರೆ ಕೆಲಸ ಹೋಗುತ್ತದೆ, ಒತ್ತದಿದ್ದರೆ ತೋಟ ಹೋಗುತ್ತದೆ. ಆ ಹೊತ್ತಿನಲ್ಲಿ ನಾನು ಏನೋ ದೊಡ್ಡ ಯೋಚನೆ ಮಾಡಿದೆ ಎಂದುಕೊಳ್ಳಬೇಡಿ. ಅಳುತ್ತಾ, ನನಗೆ ನಾನೇ ಬೈದುಕೊಳ್ಳುತ್ತಾ, ಒತ್ತಿದೆ.

"ಮೇಡಂ, ಒಂಬತ್ತನೇ ಗೂಟ. ಬೇರು ಹತ್ತಿಕೊಂಡಿದೆ, ರೇಖೆ ದಾಟಿದೆ. ನನ್ನ ಪಾಲು ಮೇಡಂ. ಬೇಗ ಬನ್ನಿ."

ಜೀಪು ಬರುವ ಹೊತ್ತಿಗೆ ಚಾಪೆಯಗಲದ ಹುಲ್ಲು ಉರಿಯುತ್ತಿತ್ತು, ನಾನು ಹಸಿ ಕೊಂಬೆಯಿಂದ ಬಡಿಯುತ್ತಿದ್ದೆ. ಮೇಡಂ ಮತ್ತು ಬೇಕರಿ ಬೆನ್ನಿಗೆ ನೀರಿನ ಪಂಪು ಹಾಕಿಕೊಂಡು ಇಳಿದರು, ನನಗೊಂದು ಗುದ್ದಲಿ ಎಸೆದರು. ಮುಕ್ಕಾಲು ಗಂಟೆ ಕಡಿದೆವು, ಅಗೆದೆವು, ಕೆಸರು ಮಾಡಿ ಕಲಸಿದೆವು. ತೋಟದ ಬೇಲಿಗೆ ಇನ್ನೂ ಮೂವತ್ತು ಹೆಜ್ಜೆ ಇರುವಾಗ ಬೆಂಕಿ ನಿಂತಿತು.

ಮೇಡಂ ಮುಖ ಒರೆಸಿಕೊಂಡು ನನ್ನ ಕಡೆ ನೋಡಿದರು. ಸೈರನ್ ದನಿಯೇ ಇರಲಿಲ್ಲ.

"ಯಾವುದರಲ್ಲಿ ಮುಟ್ಟಿದ್ದೆ ನಿನ್ನೆ?"

"ಬೆರಳಲ್ಲಿ ಮೇಡಂ."

"ಪಟ್ಟಿ ನಿನ್ನೆ ಸಂಜೆಯೇ ಬರೆದಿದ್ದೆ. ನಿನ್ನ ಹೆಸರು ಎರಡನೇದು." ಅವರು ಗೂಟದಿಂದ ಹಳದಿ ರಿಬ್ಬನ್ ಬಿಚ್ಚಿ ಜೇಬಿಗೆ ಹಾಕಿಕೊಂಡರು. "ನಾಳೆ ಇರಲ್ಲ. ಬೇಕಿದ್ರೆ ಎರಡು ತಿಂಗಳು ಬಿಟ್ಟು ಮುಂದಿನ ಬ್ಯಾಚಿಗೆ ಬಾ, ಮೊದಲಿಂದ ಶುರು ಮಾಡು."

ನನಗೆ ಕೋಪ ನೆತ್ತಿಗೇರಿತು. "ನಾನೇ ಬಂದು ಹೇಳಿದ್ದಕ್ಕಾ ಈ ಶಿಕ್ಷೆ? ಬಾಯಿ ಮುಚ್ಕೊಂಡು ಮನೇಲಿದ್ದಿದ್ರೆ?"

"ಇದ್ದಿದ್ರೆ ತೋಟ ಇರ್ತಿರಲಿಲ್ಲ. ಹೇಳಿದ್ದು ಒಳ್ಳೇದು ಮಾಡ್ದೆ. ಅದಕ್ಕೇ ಮುಂದಿನ ಬ್ಯಾಚು ಅಂದೆ. ಇಲ್ದಿದ್ರೆ ಗೇಟಿನೊಳಗೂ ಬಿಡ್ತಿರಲಿಲ್ಲ." ಗಡಿಯಾರ ನೋಡಿಕೊಂಡರು. "ಐದಕ್ಕೆ ಬಸ್ಸಿದೆ. ಹೋಗೋದಾದ್ರೆ ಹೋಗು. ನಿನ್ನ ಪಾಲಿನಲ್ಲಿ ಮೋಟುಮರದಾಚೆ ಇನ್ನೂ ಮೂವತ್ತೆಂಟು ಹೆಜ್ಜೆ ಬಾಕಿ ಇದೆ, ನಾನು ನೋಡ್ಕೋತೀನಿ."

ಚೀಲ ಹೆಗಲಿಗೆ ಹಾಕಿಕೊಂಡು ರಸ್ತೆಯವರೆಗೆ ಹೋದೆ. ನಿಜ, ಹೋದೆ. ಅಲ್ಲಿ ನಿಂತು ಹಿಂದೆ ತಿರುಗಿದಾಗ ಐವತ್ತು ದಾಟಿದ ಆ ಹೆಂಗಸು ಮೋಟುಮರದ ಪಕ್ಕ ಕಷ್ಟಪಟ್ಟು ಮಂಡಿಯೂರುತ್ತಿದ್ದರು. ಬೇಕರಿ ಪಂಪು ಇಳಿಸಿ, ತನ್ನ ಹತ್ತು ಬೆರಳುಗಳನ್ನು ಮುಖದ ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದ. ಆಮೇಲೆ ತನ್ನ ನಾಲ್ಕನೇ ಗೂಟದ ಕಡೆ ನಡೆದು, ತನ್ನ ಕೆಂಪು ರಿಬ್ಬನ್ ತಾನೇ ಬಿಚ್ಚಿ, ಕೈ ಮಗುಚಿಕೊಂಡು ನೆಲಕ್ಕೆ ಕೂತ.

ಚೀಲವನ್ನು ರಸ್ತೆಯ ಬದಿಗೆ ಎಸೆದು ವಾಪಸ್ಸು ಬಂದೆ. "ಏಳಿ ಮೇಡಂ, ನನ್ನ ಪಾಲು ಇದು," ಎಂದೆ. ಅವರು ಎದ್ದರು.

ಮೂವತ್ತೆಂಟು ಹೆಜ್ಜೆಗೆ ಎರಡು ಗಂಟೆ ಹಿಡಿಯಿತು. ಅಷ್ಟು ನಿಧಾನವಾಗಿ ನಾನು ಜೀವಮಾನದಲ್ಲಿ ಏನನ್ನೂ ಮಾಡಿದವಳಲ್ಲ. ಕಾಲು ಜುಮ್ಮೆಂದಿತು, ಬೆನ್ನು ಬಿಗಿಯಿತು, ಓಡಿಬಿಡೋಣ ಎಂದು ಮೈಯೆಲ್ಲ ತವಕಿಸಿತು. ಐದರ ಬಸ್ಸು ಹಾರ್ನ್ ಮಾಡಿ ಹೋಯಿತು.

"ತಣ್ಣಗಿದೆಯಾ?" ಎಂದರು ಮೇಡಂ, ನಾನು ಹತ್ತನೇ ಗೂಟ ಮುಟ್ಟಿದಾಗ.

ನಿನ್ನೆಯಾಗಿದ್ದರೆ ಅವರು ಕೇಳಿ ಮುಗಿಸುವ ಮೊದಲೇ ಹೂಂ ಎನ್ನುತ್ತಿದ್ದೆ. "ಗೊತ್ತಿಲ್ಲ ಮೇಡಂ. ಮೋಟುಮರದ ಹತ್ತಿರ ಅನುಮಾನ. ಇನ್ನೊಂದ್ಸಲ ನೋಡ್ತೀನಿ."

ಹೋಗಿ ಕೈ ಇಟ್ಟೆ. ಸುಟ್ಟುಕೊಂಡ ಜಾಗ ಈಗ ಉರಿಯುತ್ತಿತ್ತು. ಆ ಉರಿ ನನ್ನದೋ ನೆಲದ್ದೋ ತಿಳಿಯಲಿಲ್ಲ. ಎಡಗೈ ಇಟ್ಟೆ, ಆದರೂ ನಂಬಿಕೆ ಬರಲಿಲ್ಲ. ಕೊನೆಗೆ ಬೂದಿ ಕೆಸರಿನ ಆ ಗುಂಡಿಗೆ ಬಗ್ಗಿ, ಅಮ್ಮ ನನ್ನ ಜ್ವರ ನೋಡುತ್ತಿದ್ದ ಹಾಗೆ, ಕೆನ್ನೆ ಇಟ್ಟೆ. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಹಾಗೇ ಇದ್ದೆ. ಬೆಳಿಗ್ಗೆಯಿಂದ ನಾನು ಒಂದೆಡೆ ನಿಂತದ್ದು ಅದೇ ಮೊದಲು.

"ತಣ್ಣಗಿದೆ," ಎಂದೆ ಎದ್ದು.

ಮೇಡಂ ಪ್ರತಿ ಪಾಲಿನಲ್ಲೂ ಎರಡು ಮೂರು ಕಡೆ ತಮ್ಮ ಕೈ ಇಟ್ಟು ನೋಡುವವರು. ನಾನು ಪಕ್ಕಕ್ಕೆ ಸರಿದು ಜಾಗ ಬಿಟ್ಟೆ. ಅವರು ಬಗ್ಗಲಿಲ್ಲ. ನನ್ನ ಕೆಸರಾದ ಕೆನ್ನೆಯನ್ನು ನೋಡಿದರು, ಜೇಬಿನಿಂದ ಹಳದಿ ರಿಬ್ಬನ್ ತೆಗೆದು ನನ್ನ ಕೈಗಿಟ್ಟರು, ಜೀಪಿನ ಕಡೆ ಹೊರಟುಹೋದರು.