ಸಮತಾ ಶಿಶುವಿಹಾರದ ತಿಂಡಿ ಪಟ್ಟಿ

ಮೈಸೂರಿನ ಕುವೆಂಪುನಗರದ ಸಮತಾ ಶಿಶುವಿಹಾರದಲ್ಲಿದ್ದಷ್ಟು ಸಮಾನತೆ ಮೂರು ಲೋಕದಲ್ಲೂ ಇರಲಿಲ್ಲ. ಗೇಟಿನ ಮೇಲೆ ಸಮಾನತೆ, ಗೋಡೆಯ ಮೇಲೆ ಸಮಾನತೆ, ಕೈ ತೊಳೆಯುವ ನಲ್ಲಿಯ ಮೇಲೂ ಸಮಾನತೆ. ನಲ್ಲಿಯಲ್ಲಿ ನೀರು ಮಾತ್ರ ಬರುತ್ತಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಶಾಂತಾದೇವಿಯವರು ಸಮಾನತೆಯ ಬಗ್ಗೆ ಭಾಷಣಕ್ಕೆ ನಿಂತರೆಂದರೆ ಅತ್ತ ಸರಸ್ವತಿಪುರಂನ ಟ್ಯುಟೋರಿಯಲ್‌ಗಳಲ್ಲಿ ಪಾಠ ನಿಂತುಹೋಗುತ್ತಿತ್ತು. ಇದರಲ್ಲಿ ಒಂದಕ್ಷರ ಹೆಚ್ಚು ಹೇಳಿದ್ದರೆ ನನ್ನ ನಾಲಿಗೆ ಬಿದ್ದುಹೋಗಲಿ.

ಈ ಸಮಾನತೆಯ ಸಾಗರದಲ್ಲಿ ಎಂಟು ವರ್ಷದಿಂದ ಮಕ್ಕಳ ಮೂಗು ಒರೆಸುತ್ತಿದ್ದವಳು ಸಹಾಯಕಿ ಧರಣಿ, ಅಶೋಕಪುರಂನ ಸಣ್ಣಮಾದಯ್ಯನವರ ಮಗಳು. ನರ್ಸರಿ ಟ್ರೈನಿಂಗ್‌ನಲ್ಲಿ ಮೊದಲ ದರ್ಜೆ. ಈ ಎಂಟು ವರ್ಷದಲ್ಲಿ ಎಲ್‌ಕೆಜಿಗೆ ಐದು ಜನ ಟೀಚರುಗಳು ಬಂದು ಹೋದರು. ಅಳುವ ಮಗುವನ್ನು ಯಾವ ಕಡೆಯಿಂದ ಎತ್ತಿಕೊಳ್ಳಬೇಕೆಂದು ಐವರಿಗೂ ಕಲಿಸಿಕೊಟ್ಟವಳು ಧರಣಿಯೇ. ಕಲಿತವರು ಕುರ್ಚಿಯಲ್ಲಿ ಕೂತರು, ಕಲಿಸಿದವಳು ಒದ್ದೆ ಚಡ್ಡಿ ಹಿಂಡಿದಳು.

ಪ್ರತಿ ಏಪ್ರಿಲ್‌ನಲ್ಲೂ ಶಾಂತಾದೇವಿ 'ನನ್ನ ವೃತ್ತಿಯ ಕನಸು' ಎಂಬ ಹಾಳೆ ಹಂಚುತ್ತಿದ್ದರು. ಧರಣಿ ಎಂಟು ಸಲವೂ ಒಂದೇ ಮಾತು ಬರೆದಳು: 'ಎಲ್‌ಕೆಜಿ ನನಗೆ ಕೊಡಿ. ಯಾರ ಮನೆಯ ಮಗುವಾದರೂ ಒಂದೇ ಚಾಪೆಯ ಮೇಲೆ ಕೂರಿಸುತ್ತೇನೆ.' ಎಂಟು ಸಲವೂ ಶಾಂತಾದೇವಿ ಅದನ್ನು ಗಟ್ಟಿಯಾಗಿ ಓದಿ, ಕರ್ಚೀಫಿನಿಂದ ಕಣ್ಣೊತ್ತಿಕೊಂಡು, "ನಿಮ್ಮಂಥವರು ಮೇಲೆ ಬರಬೇಕು ಕಣಮ್ಮ" ಎಂದು ಚಪ್ಪಾಳೆ ತಟ್ಟಿಸಿ, ಫೈಲಿಗೆ ಸೇರಿಸಿದರು. ಆ ಫೈಲಿಗೆ ಬಿದ್ದ ಕನಸು ಹಿಂದಿರುಗಿ ಬಂದ ಇತಿಹಾಸವಿಲ್ಲ.

ಸಮಾನತೆಗಾಗಿ ಶಾಂತಾದೇವಿ ಕಂಡುಹಿಡಿದ ಮಹಾ ಆಯುಧವೆಂದರೆ ತಿಂಡಿ ಪಟ್ಟಿ. ಸೋಮವಾರ ಉಪ್ಪಿಟ್ಟು, ಮಂಗಳವಾರ ಇಡ್ಲಿ, ಬುಧವಾರ ಚಪಾತಿ ಪಲ್ಯ. ಎಲ್ಲರ ಡಬ್ಬಿಯಲ್ಲೂ ಒಂದೇ ತಿಂಡಿ ಇದ್ದರೆ ಮೇಲು ಕೀಳೆಂಬುದೇ ಹುಟ್ಟುವುದಿಲ್ಲವಂತೆ! ಪಟ್ಟಿ ತಪ್ಪಿದ ಮಗು ಮಾತ್ರ ಜಗುಲಿಯಲ್ಲಿ, ಚಪ್ಪಲಿ ಗೂಡಿನ ಪಕ್ಕ ಕೂತು ತಿನ್ನಬೇಕು. ಹಾಗೆ ತಿನ್ನುತ್ತಿದ್ದವಳು ಹೆಚ್ಚಾಗಿ ಒಬ್ಬಳೇ, ಆಯಾ ಚೆಲುವಮ್ಮನ ಮೊಮ್ಮಗಳು ಸುಷ್ಮಾ. ಶಾಲೆಯ ಕರಪತ್ರದಲ್ಲಿ ಅಚ್ಚಾಗಿದ್ದ ಫೋಟೋ ಈ ಸುಷ್ಮಾಳದೇ. ಕೆಳಗೆ 'ನಮ್ಮಲ್ಲಿ ಎಲ್ಲರೂ ಒಂದೇ' ಎಂದಿತ್ತು. ಬೆಳಿಗ್ಗೆ ಆರಕ್ಕೇ ಶಾಲೆ ಗುಡಿಸಲು ಬರುವ ಚೆಲುವಮ್ಮ ಉಪ್ಪಿಟ್ಟು ಕೆದಕುವುದೆಲ್ಲಿಂದ ಬಂತು? ಮೊಮ್ಮಗಳ ಡಬ್ಬಿಯಲ್ಲಿ ವಾರವಿಡೀ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ.

ಎರಡು ಸಾವಿರದ ಎರಡರ ಫೆಬ್ರವರಿಯ ಒಂದು ಸೋಮವಾರ, ಶಿಶುವಿಹಾರಗಳಲ್ಲಿ ಸಮಾನತೆ ಎಷ್ಟಿದೆಯೆಂದು ನೋಡಲು ಬೆಂಗಳೂರಿನಿಂದ ಪಾರ್ವತಮ್ಮ ಎಂಬ ಅಧಿಕಾರಿ ಬರುವವರಿದ್ದರು. ಬೆಳಿಗ್ಗೆಯೇ ಶಾಂತಾದೇವಿ ಧರಣಿಯನ್ನು ಕರೆದು, ಟೈಪಾದ ಕಾಗದವೊಂದನ್ನು ಮೂಗಿನ ಮುಂದೆ ಆಡಿಸಿದರು.

"ಜೂನ್‌ನಿಂದ ಎಲ್‌ಕೆಜಿ ನಿಮಗೇ. ಆರ್ಡರ್ ನೋಡ್ಕೊಳಿ. ಸಂಜೆ ಸೈನ್ ಹಾಕ್ತೀನಿ. ಒಂದೇ ಒಂದು ಸಣ್ಣ ಕೆಲಸ."

"ಏನ್ ಮೇಡಂ?"

"ಅವರು ತಿಂಡಿ ಹೊತ್ತಿಗೆ ಬರ್ತಾರೆ. ಆ ಸುಷ್ಮಾ ಇವತ್ತೂ ರೊಟ್ಟಿ ತಂದಿದಾಳೆ. ಜಗಲೀಲಿ ಕೂತ್ರೆ ಕಣ್ಣಿಗೆ ಬೀಳುತ್ತೆ. ಸ್ಟೋರ್ ರೂಮಲ್ಲಿ ಕೂರಿಸ್ಬಿಡಿ. ಅರ್ಧ ಗಂಟೆ ಅಷ್ಟೆ."

"ಒಬ್ಬಳನ್ನೇನಾ?"

"ಇನ್ನೇನು, ಮೆರವಣಿಗೆ ಮಾಡ್ತೀರಾ?" ಎಂದು ಕಾಗದವನ್ನು ವ್ಯಾನಿಟಿ ಬ್ಯಾಗಿಗೆ ಸೇರಿಸಿ ಜಿಪ್ಪು ಎಳೆದರು.

ಧರಣಿ ಎಂಟು ವರ್ಷ ಬೇಡಿದ್ದು ಆ ಜಿಪ್ಪಿನ ಒಳಗಿತ್ತು. ಹೊರಗೆ ಪೊರಕೆ ಹಿಡಿದು ನಿಂತಿದ್ದ ಚೆಲುವಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಓಗ್ಲಿ ಬುಡವ್ವ," ಎಂದಳು. "ನಿನ್ ಆಡ್ರು ಮುಖ್ಯ. ನಮ್ ಕೂಸು ಕತ್ಲೇಲಿ ಕೂತ್ಕತದೆ, ಅಭ್ಯಾಸ ಅದೆ."

"ಅಭ್ಯಾಸ ಅದೆ ಅನ್ನೋದೇ ನಂಗೆ ಸಿಟ್ಟು ಚೆಲುವಮ್ಮ. ಸುಮ್ನಿರು," ಎಂದಳು ಧರಣಿ.

ಅಧಿಕಾರಿಯ ಜೀಪು ಬಂತು. ಆಫೀಸಿನಲ್ಲಿ ಶಾಂತಾದೇವಿ ಹೊಗಳಿಕೆಯ ಮಳೆಯನ್ನೇ ಸುರಿಸಿದರು: ಇಲ್ಲಿ ಸಹಾಯಕಿಯರನ್ನೂ ಟೀಚರ್ ಮಾಡುತ್ತೇವೆ, ಇಲ್ಲಿ ಮೂವತ್ತು ಮಕ್ಕಳು ಮೂವತ್ತು ದೇಹ, ಒಂದೇ ಹೊಟ್ಟೆ. ಅಧಿಕಾರಿ ಎರಡು ಸಲ ಆಕಳಿಸಿ, "ಹೊಟ್ಟೆ ತೋರಿಸಿ ನೋಡೋಣ" ಎಂದರು.

ಎಲ್‌ಕೆಜಿಯ ಬಾಗಿಲು ತೆರೆದರೆ ಒಂದು ನರಪಿಳ್ಳೆ ಇಲ್ಲ! ಚಾಪೆ ಇತ್ತು, ಚಾರ್ಟು ಇತ್ತು, ಸಮಾನತೆ ಭರ್ತಿ ಇತ್ತು. ಶಾಂತಾದೇವಿಯವರ ಮುಖ ಸುಣ್ಣ ಬಳಿದ ಗೋಡೆಯಾಯಿತು. ಅಷ್ಟರಲ್ಲಿ ಹಿಂದಿನಿಂದ ಸಂತೆಯ ಗದ್ದಲ ಕೇಳಿಸಿತು. ಹೋಗಿ ನೋಡಿದರೆ, ಎಂಟಡಿ ಅಗಲದ ಸ್ಟೋರ್ ರೂಮಿನಲ್ಲಿ, ಮುರಿದ ಜಾರುಬಂಡೆಯ ಮೇಲೆ, ಫಿನೈಲ್ ಡಬ್ಬದ ಪಕ್ಕ, ಮೂವತ್ತು ಮಕ್ಕಳು! ನಡುವೆ ಸುಷ್ಮಾ. ಅವಳ ರೊಟ್ಟಿ ಮೂವತ್ತು ಚೂರಾಗಿ ಹಂಚಿಹೋಗಿತ್ತು. ಅವಳ ಡಬ್ಬಿಯಲ್ಲಿ ಉಪ್ಪಿಟ್ಟಿನ ಗೋಪುರವೆದ್ದಿತ್ತು. ಲಾಯರ್ ಮನೆಯ ಕೂಸೊಂದು ಬೆರಳಿಗಂಟಿದ ಚಟ್ನಿ ನೆಕ್ಕುತ್ತಾ, "ಮಿಸ್, ನಾಳೇನೂ ಇಲ್ಲೇ?" ಎಂದು ಕೇಳಿತು.

"ಇದೇನ್ರೀ? ಮಕ್ಕಳು ಯಾಕ್ ಇಲ್ಲಿದಾರೆ?" ಎಂದರು ಅಧಿಕಾರಿ.

ಧರಣಿ ಎದ್ದು ಕೈಮುಗಿದಳು. "ಒಂದು ಮಗುನ ಇಲ್ಲಿ ಕೂರ್ಸಿ ಅಂತ ಹೇಳಿದ್ರು ಮೇಡಂ. ನಮ್ಮಲ್ಲಿ ಎಲ್ಲಾರೂ ಒಂದೇ ಅಲ್ವಾ? ಅದಕ್ಕೆ ಎಲ್ಲಾರ್ನೂ ಕೂರ್ಸಿದೆ."

"ಯಾವ ಮಗುನ? ಯಾರು ಹೇಳಿದ್ರು?"

ಶಾಂತಾದೇವಿ ಸಾಮಾನ್ಯರಲ್ಲ. ಮುಳುಗುವವರಿಗೆ ಹುಲ್ಲುಕಡ್ಡಿ ಆಸರೆಯಾದರೆ ಅವರಿಗೆ ಭಾಷಣವೇ ಆಸರೆ. "ಇದು ನಮ್ಮ ಹೊಸ ಪ್ರಯೋಗ ಮೇಡಂ! ತಿಂಡಿ ಹಂಚ್ಕೊಂಡು ತಿನ್ನೋದು! ಎಲ್ಲಾ ನಮ್ಮ ಧರಣಿಯವರದೇ ಯೋಚನೆ!"

"ಇವರು ಕ್ಲಾಸ್ ಟೀಚರಾ?"

"ಹ್ಞೂಂ... ಅಂದ್ರೆ... ಜೂನ್‌ನಿಂದ..."

"ಆರ್ಡರ್ ಮೇಡಂ ಬ್ಯಾಗಲ್ಲೇ ಇದೆ," ಎಂದಳು ಧರಣಿ, ಬೆಣ್ಣೆಯಂಥ ದನಿಯಲ್ಲಿ. "ಸೈನ್ ಒಂದೇ ಬಾಕಿ."

ಅಧಿಕಾರಿ ಹುಡುಗಾಟದವರಲ್ಲ, ಇಂಥ ನೂರು ಶಾಂತಾದೇವಿಯರ ಉಪ್ಪಿಟ್ಟು ತಿಂದು ಬಂದವರು. ಇಬ್ಬರ ಮುಖವನ್ನೂ ನೋಡಿ, ತಮ್ಮ ಪೆನ್ನು ತೆಗೆದು ಚಾಚಿದರು. "ಹಾಕಿ. ನನ್ನ ರಿಪೋರ್ಟ್‌ನಲ್ಲಿ ಬರೀತೀನಿ."

ಸುಷ್ಮಾಳ ಪಕ್ಕದ ಫಿನೈಲ್ ಡಬ್ಬದ ಮೇಲೆ ಕಾಗದವಿಟ್ಟು, ಶಾಂತಾದೇವಿ ಸೈನ್ ಹಾಕಿದರು. ಅಂಥ ವಕ್ರ ಸೈನ್ ಮೈಸೂರಿನ ಯಾವ ಕಚೇರಿಯಲ್ಲೂ ಸಿಗಲಾರದು.

ಸುದ್ದಿ ಕಾಡುಕಿಚ್ಚಾಯಿತು. ತಮ್ಮ ಕುಲದೀಪಕರು ಆಯಾಳ ಮೊಮ್ಮಗಳ ಎಂಜಲು ಡಬ್ಬಿಗೆ ಕೈಹಾಕಿದರೆಂದು ಆರು ಜನ ತಂದೆತಾಯಿ ಟೀಸಿ ಕಿತ್ತುಕೊಂಡು ಒಂಟಿಕೊಪ್ಪಲ್‌ವರೆಗೂ ಶಾಲೆ ಹುಡುಕಿಕೊಂಡು ಹೋದರು. "ನೋಡಿದ್ರಾ ನಿಮ್ಮ ಘನಕಾರ್ಯ? ಆರು ಅಡ್ಮಿಶನ್ ಹೋಯ್ತು!" ಎಂದು ಶಾಂತಾದೇವಿ ಹಲ್ಲು ಕಡಿದರು.

"ಹೋಗ್ಲಿ ಬಿಡಿ ಮೇಡಂ," ಎಂದಳು ಧರಣಿ. "ಸ್ಟೋರ್ ರೂಮಲ್ಲಿ ಸ್ವಲ್ಪ ಇಕ್ಕಟ್ಟಾಗಿತ್ತು."

ಜೂನ್ ಮೊದಲ ಸೋಮವಾರ ಅವಳು ಎಲ್‌ಕೆಜಿಯ ಬಾಗಿಲು ತೆರೆದು ಚಾಪೆ ಹಾಸಿದಳು.